ಉಪ್ಪುನೀರಿನ ತೊಟ್ಟಿಗಳಲ್ಲಿ ಭತ್ತದ ತಳಿಗಳು: ಈ ಪ್ರಯೋಗಕ್ಕೆ ಯಾವ ವಿನ್ಯಾಸ ಸರಿ?

ರಾಯಚೂರಿನ ಸ್ನಾತಕೋತ್ತರ ವಿದ್ಯಾರ್ಥಿನಿ

ಎಲ್ಲರಿಗೂ ನಮಸ್ಕಾರ. ಪ್ರಬಂಧಕ್ಕಾಗಿ ನಾನು ಭತ್ತದ ಲವಣ ಸಹಿಷ್ಣುತೆಯ ಬಗ್ಗೆ ಪ್ರಯೋಗ ಮಾಡಲಿದ್ದೇನೆ. ತುಂಗಭದ್ರಾ ಎಡದಂಡೆ ಕಾಲುವೆಯ ಅಚ್ಚುಕಟ್ಟಿನಲ್ಲಿ, ಅದರಲ್ಲೂ ಗಂಗಾವತಿ, ಸಿಂಧನೂರು ಕಡೆಯ ಕಪ್ಪು ಭೂಮಿಯಲ್ಲಿ ಸವಳು-ಜವಳು ಎಷ್ಟು ಹರಡಿದೆ ಎಂಬುದು ಇಲ್ಲಿನ ಬಹುತೇಕರಿಗೆ ಗೊತ್ತೇ ಇದೆ. ಆದ್ದರಿಂದಲೇ ಈ ವಿಷಯವನ್ನು ಆರಿಸಿಕೊಂಡೆ.

ಯೋಜನೆ ಹೀಗಿದೆ. ಹಸಿರುಮನೆಯಲ್ಲಿ 12 ತೊಟ್ಟಿಗಳನ್ನು ಇಡುತ್ತೇನೆ. ನಾಲ್ಕು ತೊಟ್ಟಿಗಳಿಗೆ ಸಾದಾ ನೀರು, ನಾಲ್ಕಕ್ಕೆ ಪ್ರತಿ ಮೀಟರಿಗೆ 4 ಡೆಸಿಸೈಮನ್ ಇಸಿ (ನೀರಿನಲ್ಲಿ ಉಪ್ಪು ಎಷ್ಟಿದೆ ಎಂದು ತೋರುವ ವಿದ್ಯುತ್ ವಾಹಕತೆ) ಇರುವ ಉಪ್ಪುನೀರು, ಉಳಿದ ನಾಲ್ಕಕ್ಕೆ 8 ಡೆಸಿಸೈಮನ್ ನೀರು. ಪ್ರತಿ ತೊಟ್ಟಿಯಲ್ಲೂ ನಾಲ್ಕು ಸಾಲು, ಸಾಲಿಗೊಂದು ತಳಿ: ಬಿಪಿಟಿ 5204, ಗಂಗಾವತಿ ಸೋನಾ, ಉಪ್ಪನ್ನು ತಡೆಯುವ ತಳಿಯಾಗಿ ಎಫ್‌ಎಲ್ 478, ತಡೆಯದ ತಳಿಯಾಗಿ ಐಆರ್ 29. ಸಾಲಿಗೆ ಹತ್ತು ಸಸಿ. ಉಪ್ಪುನೀರು ಕೊಡಲು ತೊಡಗಿದ ಮೇಲೆ 15, 30 ಮತ್ತು 45ನೇ ದಿನ ಎತ್ತರವನ್ನೂ ಎಲೆಯ ಹಸಿರನ್ನೂ ಅಳೆದು, ಕೊನೆಯಲ್ಲಿ ಎಲೆಯ ಸೋಡಿಯಂ ಮತ್ತು ಪೊಟ್ಯಾಶಿಯಂ ಪ್ರಮಾಣವನ್ನು ನೋಡುವುದು ಉದ್ದೇಶ.

ಮೂರು ಲವಣ ಮಟ್ಟ, ನಾಲ್ಕು ತಳಿ ಸೇರಿ 12 ಸಂಯೋಜನೆಗಳಾಗುತ್ತವೆ. ಒಂದೊಂದಕ್ಕೆ 40 ಸಸಿ, ಒಟ್ಟು 480. ಇದನ್ನು 40 ಪುನರಾವರ್ತನೆಗಳ ಫ್ಯಾಕ್ಟೋರಿಯಲ್ ಸಿಆರ್‌ಡಿ (ಎಲ್ಲ ಸಂಯೋಜನೆಗಳನ್ನೂ ಪೂರ್ತಿ ಯಾದೃಚ್ಛಿಕವಾಗಿ ಹಂಚುವ ವಿನ್ಯಾಸ) ಎಂದು ಸಿನಾಪ್ಸಿಸ್‌ನಲ್ಲಿ, ಅಂದರೆ ಪ್ರಬಂಧದ ಯೋಜನೆಯ ಸಾರಾಂಶದಲ್ಲಿ, ಬರೆಯಬಹುದೇ? ತೊಟ್ಟಿಗಳನ್ನು ಇನ್ನೂ ಜೋಡಿಸಿಲ್ಲ, ಬೀಜವನ್ನೂ ನೆನೆಹಾಕಿಲ್ಲ. ಬದಲಾವಣೆ ಬೇಕಿದ್ದರೆ ಈಗಲೇ ತಿಳಿಸಿದರೆ ಉಪಕಾರವಾಗುತ್ತದೆ.

ಸಿಂಧನೂರಿನ ಪಿಎಚ್‌ಡಿ ವಿದ್ಯಾರ್ಥಿ

480 ಸಸಿಗಳೆಂದರೆ ಒಳ್ಳೆಯ ಸಂಖ್ಯೆಯೇ. ನಮ್ಮ ಕಡೆಯ ಬಹಳಷ್ಟು ಕುಂಡ ಪ್ರಯೋಗಗಳು ಮೂರು ಪುನರಾವರ್ತನೆಯಲ್ಲೇ ಮುಗಿಯುತ್ತವೆ. ಹಸಿರುಮನೆಯ ಒಳಗೆ ಎಲ್ಲ ಕಡೆ ಒಂದೇ ವಾತಾವರಣ ಇರುತ್ತದೆ ಎಂದು ಹಿಡಿದರೆ ಫ್ಯಾಕ್ಟೋರಿಯಲ್ ಸಿಆರ್‌ಡಿ ಸಾಕು ಎಂಬುದು ನನ್ನ ಅಭಿಪ್ರಾಯ. ಸಂಖ್ಯಾಶಾಸ್ತ್ರ ಬಲ್ಲವರು ಹೇಳಲಿ.

ಬಳ್ಳಾರಿಯ ಸಂಖ್ಯಾಶಾಸ್ತ್ರ ಅಧ್ಯಾಪಕಿ

ಬೀಜ ನೆನೆಹಾಕುವ ಮೊದಲೇ ಈ ಪ್ರಶ್ನೆ ಕೇಳಿದ್ದು ಬಹಳ ಒಳ್ಳೆಯದಾಯಿತು, ತಂಗಿ. ಕೊಯ್ಲಾದ ಮೇಲೆ ಅಂಕಿಗಳ ಹಾಳೆ ಹಿಡಿದುಕೊಂಡು ಬರುವವರಿಗೆ ಹೇಳಲು ಹೆಚ್ಚೇನೂ ಉಳಿದಿರುವುದಿಲ್ಲ.

ವಿನ್ಯಾಸದ ಹೆಸರನ್ನು ಸದ್ಯಕ್ಕೆ ಬದಿಗಿಡೋಣ. ಯಾವ ಪ್ರಯೋಗವೇ ಆಗಲಿ, ನಾನು ಮೊದಲು ಕೇಳುವುದು ಒಂದೇ ಪ್ರಶ್ನೆ: ಚೀಟಿ ಎತ್ತಿದ್ದು ಯಾವುದರ ಹೆಸರಿನಲ್ಲಿ? ಅಂದರೆ, ಇದಕ್ಕೆ ಈ ಉಪಚಾರ, ಅದಕ್ಕೆ ಆ ಉಪಚಾರ ಎಂದು ಯಾದೃಚ್ಛಿಕವಾಗಿ ಹಂಚುವಾಗ, ಒಂದರ ಪಾಲಿಗೆ ಬಂದದ್ದು ಇನ್ನೊಂದರ ಪಾಲಿಗೆ ಬಂದದ್ದಕ್ಕೆ ಕಟ್ಟುಬೀಳದೆ ಸ್ವತಂತ್ರವಾಗಿ ನಿಂತ ಅತಿ ಚಿಕ್ಕ ಘಟಕ ಯಾವುದು? ಅದೇ ಪ್ರಾಯೋಗಿಕ ಘಟಕ. ಪುನರಾವರ್ತನೆಯ ಲೆಕ್ಕ ಹಾಕಬೇಕಾದದ್ದು ಅದರಿಂದ. ನಾವು ಅಳೆಯುವ ವಸ್ತು ಬೇರೆ, ಉಪಚಾರ ಪಡೆದ ಘಟಕ ಬೇರೆ ಆಗಿರಬಹುದು, ಮತ್ತು ಜೀವಶಾಸ್ತ್ರದ ಪ್ರಯೋಗಗಳಲ್ಲಿ ಬಹುಪಾಲು ಗೊಂದಲ ಹುಟ್ಟುವುದು ಈ ಎರಡನ್ನೂ ಒಂದೆಂದು ಎಣಿಸುವುದರಿಂದಲೇ.

ನಿಮ್ಮ ಪ್ರಯೋಗದಲ್ಲಿ ಲವಣದ ಮಟ್ಟವನ್ನು ಪಡೆಯುವುದು ಸಸಿಯಲ್ಲ, ತೊಟ್ಟಿ. ಒಂದು ತೊಟ್ಟಿಗೆ 8 ಡೆಸಿಸೈಮನ್ ನೀರು ಬಿಟ್ಟಿರೆಂದರೆ ಅದರೊಳಗಿನ 40 ಸಸಿಗಳಿಗೂ ಅದೇ ನೀರು, ಅದೇ ಬಿಸಿ, ಅದೇ ಪಾಚಿ, ಅದೇ ಆವಿಯಾಗುವಿಕೆ. ಆ ತೊಟ್ಟಿ ಬಾಗಿಲ ಪಕ್ಕದಲ್ಲಿದ್ದರೆ ನಲವತ್ತೂ ಸಸಿಗಳು ಬಾಗಿಲ ಪಕ್ಕದವೇ. ಅನ್ನ ಬೆಂದಿದೆಯೇ ಎಂದು ನೋಡಲು ಒಂದು ಅಗುಳು ಸಾಕು ಎನ್ನುತ್ತೇವಲ್ಲ, ಒಂದೇ ಪಾತ್ರೆಯಿಂದ ನಲವತ್ತು ಅಗುಳು ಹಿಚುಕಿ ನೋಡಿದರೂ ನಮಗೆ ತಿಳಿಯುವುದು ಆ ಒಂದು ಪಾತ್ರೆಯ ಸುದ್ದಿ ಮಾತ್ರ. ಹಾಗಾಗಿ ಲವಣದ ಮಟ್ಟಿಗೆ ನಿಮ್ಮಲ್ಲಿರುವುದು ನಾಲ್ಕು ಪುನರಾವರ್ತನೆಗಳು, ನಲವತ್ತಲ್ಲ.

ತಳಿಯ ವಿಷಯ ಬೇರೆ. ತಳಿಯನ್ನು ಹಂಚುವುದು ತೊಟ್ಟಿಯೊಳಗಿನ ಸಾಲಿಗೆ. ಆದ್ದರಿಂದ ತಳಿಗೆ ಘಟಕ ಸಾಲು. ಸಾಲಿನೊಳಗಿನ ಹತ್ತು ಸಸಿಗಳು ಆ ಸಾಲಿನ ಮಾದರಿಗಳೇ ಹೊರತು ಪುನರಾವರ್ತನೆಗಳಲ್ಲ. ಹೀಗೆ ಒಂದೇ ಪ್ರಯೋಗದಲ್ಲಿ ಎರಡು ಗಾತ್ರದ ಘಟಕಗಳು, ಒಂದರೊಳಗೊಂದು ಇರುವ ವಿನ್ಯಾಸಕ್ಕೆ ಸ್ಪ್ಲಿಟ್ ಪ್ಲಾಟ್ ಎಂದು ಹೆಸರು. ತೊಟ್ಟಿ ನಿಮ್ಮ ಮುಖ್ಯ ತಾಕು, ಸಾಲು ಉಪ ತಾಕು.

ಇದನ್ನು ಕಡೆಗಣಿಸಿದರೆ ಆಗುವುದೇನು? 480 ಸಸಿಗಳನ್ನೂ ಸ್ವತಂತ್ರವೆಂದು ಹಿಡಿದರೆ ಅನೋವಾ (ವ್ಯತ್ಯಾಸವನ್ನು ಉಪಚಾರದ್ದು, ಆಕಸ್ಮಿಕದ್ದು ಎಂದು ವಿಂಗಡಿಸುವ ಲೆಕ್ಕ) ಪಟ್ಟಿಯಲ್ಲಿ ದೋಷಕ್ಕೆ, ಅಂದರೆ ಆಕಸ್ಮಿಕ ವ್ಯತ್ಯಾಸಕ್ಕೆ, 468 ಡಿಗ್ರಿ ಆಫ್ ಫ್ರೀಡಂ (ಅದನ್ನು ಅಂದಾಜಿಸಲು ಸಿಗುವ ಸ್ವತಂತ್ರ ಮಾಹಿತಿಯ ಎಣಿಕೆ) ಬರುತ್ತವೆ, ಮತ್ತು ಲವಣದ ಎಫ್ ಬೆಲೆ (ಉಪಚಾರದ ವ್ಯತ್ಯಾಸವನ್ನು ದೋಷದಿಂದ ಭಾಗಿಸಿದ್ದು) ಸುಮಾರು 3 ದಾಟಿದರೆ ಸಾಕು, ಶೇ. 5ರ ಮಟ್ಟದಲ್ಲಿ ಗಣನೀಯ ಎಂದು ಬರೆದುಬಿಡುತ್ತೀರಿ. ತೊಟ್ಟಿಗಳನ್ನು ನಾಲ್ಕು ಬ್ಲಾಕುಗಳಲ್ಲಿ (ಒಳಗೆ ಆದಷ್ಟು ಒಂದೇ ಪರಿಸ್ಥಿತಿ ಇರುವ ಗುಂಪುಗಳಲ್ಲಿ) ಇಟ್ಟ ಸ್ಪ್ಲಿಟ್ ಪ್ಲಾಟ್‌ನಲ್ಲಿ ಲವಣವನ್ನು ಪರೀಕ್ಷಿಸುವ ದೋಷಕ್ಕೆ ಇರುವುದು 6 ಡಿಗ್ರಿ. ಅಲ್ಲಿ ದಾಟಬೇಕಾದ ಬೆಲೆ 5.14. ಅದಕ್ಕಿಂತ ಮುಖ್ಯವಾಗಿ, ಭಾಗಿಸುವ ದೋಷವೇ ಬೇರೆ. ಸಸಿಯಿಂದ ಸಸಿಗೆ ಇರುವ ವ್ಯತ್ಯಾಸದಿಂದ ಭಾಗಿಸುವುದಕ್ಕೂ ತೊಟ್ಟಿಯಿಂದ ತೊಟ್ಟಿಗೆ ಇರುವ ವ್ಯತ್ಯಾಸದಿಂದ ಭಾಗಿಸುವುದಕ್ಕೂ ಅಜಗಜಾಂತರವಿದೆ. ಸ್ಟುವರ್ಟ್ ಹರ್ಲ್‌ಬರ್ಟ್ ಎಂಬ ಪರಿಸರ ವಿಜ್ಞಾನಿ 1984ರಲ್ಲಿ ಇದನ್ನು ಹುಸಿ ಪುನರಾವರ್ತನೆ ಎಂದು ಕರೆದು, ಪ್ರಕಟವಾದ ಪ್ರಯೋಗಗಳಲ್ಲೇ ಅದು ಎಷ್ಟು ಸಾಮಾನ್ಯ ಎಂಬುದನ್ನು ತೋರಿಸಿದರು.

ಗಂಗಾವತಿಯ ನಿವೃತ್ತ ಕ್ಷೇತ್ರ ಸಹಾಯಕ

ಮೇಡಂ ಹೇಳಿದ್ದನ್ನು ಗದ್ದೆಯ ಕಡೆಯಿಂದ ಸ್ವಲ್ಪ ವಿಸ್ತರಿಸುತ್ತೇನೆ. ಸಂಖ್ಯಾಶಾಸ್ತ್ರವನ್ನು ಓದಿದವನು ನಾನಲ್ಲ, ಆದರೆ ಭತ್ತದ ತಾಕುಗಳನ್ನು ಅಳೆದು, ಬದು ಕಟ್ಟಿಸಿ, ಗೂಟ ಹೊಡೆಸುವ ಕೆಲಸದಲ್ಲೇ ನನ್ನ ಸೇವೆ ಕಳೆದಿದೆ.

ನೀರಿನ ಪ್ರಯೋಗವನ್ನು ಸಣ್ಣ ಸಣ್ಣ ತಾಕುಗಳಲ್ಲಿ ಬೇಕಾದ ಹಾಗೆ ಹಂಚಲು ಗದ್ದೆಯಲ್ಲಿ ಆಗುವುದಿಲ್ಲ. ಒಂದು ತಾಕಿನಲ್ಲಿ ನೀರು ನಿಲ್ಲಿಸಿ ಪಕ್ಕದ ತಾಕನ್ನು ಒಣಗಿಸುತ್ತೇನೆಂದರೆ ಬದುವಿನ ಅಡಿಯಿಂದ ನೀರು ಜಿನುಗಿ ಬಂದೇ ಬರುತ್ತದೆ. ಆ ನೀರಿನೊಂದಿಗೆ ಉಪ್ಪೂ ಬರುತ್ತದೆ, ಹಾಕಿದ ಗೊಬ್ಬರವೂ ಬರುತ್ತದೆ. ಆದ್ದರಿಂದ ನೀರಿನ ಮಟ್ಟಗಳನ್ನು ದೊಡ್ಡ ತಾಕುಗಳಿಗೆ ಕೊಟ್ಟು, ಅವುಗಳ ನಡುವೆ ಜೋಡಿ ಬದು ಕಟ್ಟಿ, ಬದುಗಳ ಮಧ್ಯೆ ಬಸಿಗಾಲುವೆ ತೆಗೆದು, ಆ ದೊಡ್ಡ ತಾಕಿನ ಒಳಗೆ ತಳಿಗಳನ್ನು ಸಣ್ಣ ತಾಕುಗಳಾಗಿ ನಾಟಿ ಮಾಡಿಸುತ್ತಿದ್ದೆವು. ಸ್ಪ್ಲಿಟ್ ಪ್ಲಾಟ್ ಎಂಬ ಹೆಸರು ಪುಸ್ತಕದಲ್ಲಿ ಇರಬಹುದು, ಆದರೆ ಅದನ್ನು ಹೇರುವುದು ನೀರೇ. ಉಳುಮೆಯ ಪ್ರಯೋಗದಲ್ಲೂ ಹಾಗೆಯೇ. ಟ್ರ್ಯಾಕ್ಟರ್ ತಿರುಗುವಷ್ಟು ಜಾಗವಿಲ್ಲದ ತಾಕಿಗೆ ಉಳುಮೆಯ ಉಪಚಾರ ಕೊಡಲಾಗದು.

ಇನ್ನೊಂದು ಮಾತು. ಸವಳು ಗದ್ದೆಯ ಉದ್ದಗಲಕ್ಕೂ ಒಂದೇ ಸಮನಾಗಿ ಇರುವುದಿಲ್ಲ. ತಗ್ಗಿನ ಕಡೆ ಬಿಳಿ ಪದರ ಕಟ್ಟಿರುತ್ತದೆ, ಏರಿನ ಕಡೆ ಪೈರು ಹಸಿರಾಗಿರುತ್ತದೆ. ಬ್ಲಾಕುಗಳನ್ನು ಆ ಇಳಿಜಾರನ್ನು ನೋಡಿ ಹಾಕಬೇಕು: ಒಂದು ಬ್ಲಾಕು ಪೂರ್ತಿ ಏರಿನಲ್ಲಿ, ಮುಂದಿನದು ಅದರ ಕೆಳಗೆ, ಕೊನೆಯದು ತಗ್ಗಿನಲ್ಲಿ. ಏರಿನಿಂದ ತಗ್ಗಿನವರೆಗೆ ಉದ್ದಕ್ಕೆ ಒಂದು ಬ್ಲಾಕು ಎಳೆದರೆ ಆ ಬ್ಲಾಕಿನಿಂದ ಏನೂ ಪ್ರಯೋಜನವಿಲ್ಲ. ನಿಮ್ಮ ಹಸಿರುಮನೆಯಲ್ಲಿ ಏರು ಯಾವುದು, ತಗ್ಗು ಯಾವುದು ಎಂಬುದನ್ನು ಮೊದಲು ನೋಡಿಕೊಳ್ಳಿ.

ರಾಯಚೂರಿನ ಸ್ನಾತಕೋತ್ತರ ವಿದ್ಯಾರ್ಥಿನಿ

ಇಬ್ಬರಿಗೂ ಅನಂತ ಧನ್ಯವಾದಗಳು. ಹಸಿರುಮನೆಯ ಒಂದು ತುದಿಯಲ್ಲಿ ನೀರು ಸುರಿಯುವ ತಂಪು ಪ್ಯಾಡ್ ಇದೆ, ಎದುರು ತುದಿಯಲ್ಲಿ ಎಕ್ಸಾಸ್ಟ್ ಫ್ಯಾನುಗಳಿವೆ. ಬೇಸಿಗೆಯ ಮಧ್ಯಾಹ್ನ ಪ್ಯಾಡಿನ ಬಳಿ ನಿಂತರೆ ತಂಪು, ಫ್ಯಾನಿನ ಕಡೆ ನಡೆಯುತ್ತಾ ಹೋದಂತೆ ಸೆಕೆ ಏರುವುದು ಮೈಗೇ ತಿಳಿಯುತ್ತದೆ. ಇದನ್ನು ಇಳಿಜಾರು ಎಂದು ಹಿಡಿಯಬಹುದೇ, ಸರ್?

ಮೇಡಂ, ಇನ್ನೊಂದು ಸಂದೇಹ. ತೊಟ್ಟಿಗಳ ಬದಲು 48 ಕುಂಡಗಳನ್ನು ಇಟ್ಟು, ಒಂದೊಂದು ಕುಂಡಕ್ಕೂ ಒಂದೇ ತಳಿ, ಬೇರೆಯದೇ ಉಪ್ಪುನೀರು ಕೊಟ್ಟರೆ ಈ ಎರಡು ಗಾತ್ರದ ತೊಡಕೇ ಇರುವುದಿಲ್ಲವಲ್ಲ?

ಬಳ್ಳಾರಿಯ ಸಂಖ್ಯಾಶಾಸ್ತ್ರ ಅಧ್ಯಾಪಕಿ

ಗಂಗಾವತಿಯ ಹಿರಿಯರು ಹೇಳಿದ್ದು ನೂರಕ್ಕೆ ನೂರು ಸರಿ. ಪ್ಯಾಡಿನಿಂದ ಫ್ಯಾನಿನ ಕಡೆಗೆ ಏರುವ ಬಿಸಿಯೇ ನಿಮ್ಮ ಇಳಿಜಾರು, ಮತ್ತು ಲವಣದ ಪ್ರಯೋಗದಲ್ಲಿ ಅದು ಎರಡು ಪಟ್ಟು ಮುಖ್ಯ. ಬಿಸಿ ಹೆಚ್ಚಿದ ಕಡೆ ತೊಟ್ಟಿಯ ನೀರು ಬೇಗ ಆವಿಯಾಗಿ ಇಸಿ ತಾನಾಗಿಯೇ ಏರುತ್ತದೆ, ಎಲೆಯಿಂದ ನೀರು ಹೆಚ್ಚು ಹೋಗುವುದರಿಂದ ಗಿಡ ಬೇರಿನಿಂದ ಎಳೆದುಕೊಳ್ಳುವ ಸೋಡಿಯಂ ಕೂಡ ಹೆಚ್ಚುತ್ತದೆ. ಆದ್ದರಿಂದ ಪ್ಯಾಡಿಗೆ ಸಮಾನ ದೂರದಲ್ಲಿರುವ ಮೂರು ತೊಟ್ಟಿಗಳನ್ನು ಒಂದು ಬ್ಲಾಕಾಗಿ ಅಡ್ಡಲಾಗಿ ಇಡಿ. ನಾಲ್ಕು ದೂರಗಳು, ನಾಲ್ಕು ಬ್ಲಾಕುಗಳು. ಪ್ರತಿ ಬ್ಲಾಕಿನಲ್ಲೂ ಮೂರೂ ಲವಣ ಮಟ್ಟಗಳು ಬರುತ್ತವೆ. ನೀರು ತುಂಬಲು ಅನುಕೂಲವೆಂದು 8 ಡೆಸಿಸೈಮನ್ ತೊಟ್ಟಿಗಳನ್ನೆಲ್ಲ ಒಂದೇ ಕಡೆ ಇಟ್ಟರೆ, ಕೊನೆಯಲ್ಲಿ ಕಂಡ ವ್ಯತ್ಯಾಸ ಉಪ್ಪಿನದೋ ಸೆಕೆಯದೋ ಎಂದು ಯಾವ ಲೆಕ್ಕದಿಂದಲೂ ಬೇರ್ಪಡಿಸಲಾಗದು.

ಚೀಟಿ ಎತ್ತುವ ಕ್ರಮವನ್ನೂ ಹೇಳಿಬಿಡುತ್ತೇನೆ, ಏಕೆಂದರೆ ವಿನ್ಯಾಸ ನಿಜವಾಗಿ ಹುಟ್ಟುವುದು ಅಲ್ಲಿಯೇ. ಮೊದಲ ಬ್ಲಾಕಿನ ಮೂರು ತೊಟ್ಟಿಗಳಿಗೆ ಮೂರು ಲವಣ ಮಟ್ಟಗಳ ಚೀಟಿ ಎತ್ತಿ. ಎರಡನೆಯ ಬ್ಲಾಕಿಗೆ ಮತ್ತೆ ಹೊಸದಾಗಿ ಎತ್ತಿ. ಮೊದಲಿನ ಕ್ರಮವನ್ನೇ ನಕಲು ಮಾಡಬೇಡಿ. ಅದು ಮುಗಿದ ಮೇಲೆ ಒಂದೊಂದು ತೊಟ್ಟಿಗೂ ಪ್ರತ್ಯೇಕವಾಗಿ ನಾಲ್ಕು ತಳಿಗಳ ಚೀಟಿ ಎತ್ತಬೇಕು, ಒಟ್ಟು ಹನ್ನೆರಡು ಬಾರಿ. ಈ ಎರಡನೆಯ ಹಂತವನ್ನು ಬಹಳ ಮಂದಿ ಬಿಡುತ್ತಾರೆ. ಗುರುತಿಸಲು ಸುಲಭವೆಂದು ಎಲ್ಲ ತೊಟ್ಟಿಗಳಲ್ಲೂ ಐಆರ್ 29 ಅನ್ನು ಮೊದಲ ಸಾಲಿಗೆ ಹಾಕುತ್ತಾರೆ. ತೊಟ್ಟಿಯ ಗೋಡೆಗೆ ಹತ್ತಿದ ಸಾಲಿಗೆ ಬಿಸಿಯೂ ಬೆಳಕೂ ಬೇರೆ ರೀತಿ ಬೀಳುತ್ತವೆ. ಆಗ ತಳಿಯ ಗುಣ, ಅಂಚಿನ ಗುಣ ಎರಡೂ ಬೆರೆತುಹೋಗುತ್ತವೆ.

ಇನ್ನು 48 ಕುಂಡಗಳ ಯೋಚನೆ. ಅದು ತಪ್ಪಲ್ಲ, ಲೆಕ್ಕದ ದೃಷ್ಟಿಯಿಂದ ಉತ್ತಮವೇ. ನಾಲ್ಕು ಬ್ಲಾಕುಗಳ ಫ್ಯಾಕ್ಟೋರಿಯಲ್ ಆರ್‌ಬಿಡಿ (ಪ್ರತಿ ಬ್ಲಾಕಿನೊಳಗೆ ಎಲ್ಲ ಸಂಯೋಜನೆಗಳನ್ನೂ ಯಾದೃಚ್ಛಿಕವಾಗಿ ಹಂಚುವ ವಿನ್ಯಾಸ) ಆಗುತ್ತದೆ, ದೋಷಕ್ಕೆ 33 ಡಿಗ್ರಿಗಳು ಸಿಗುತ್ತವೆ, ಲವಣಕ್ಕೆ ದಾಟಬೇಕಾದ ಎಫ್ ಬೆಲೆ 3.28ಕ್ಕೆ ಇಳಿಯುತ್ತದೆ. ಆದರೆ 48 ಕುಂಡಗಳ ಇಸಿಯನ್ನು ಪ್ರತಿದಿನ ಅಳೆದು, ಆವಿಯಾದಷ್ಟು ನೀರು ಸೇರಿಸಿ, ಮಟ್ಟವನ್ನು ಕಾಯ್ದುಕೊಳ್ಳಬೇಕು. ಸಣ್ಣ ಕುಂಡದಲ್ಲಿ ನೀರು ಕಡಿಮೆ ಇರುವುದರಿಂದ ರಾಯಚೂರಿನ ಬಿಸಿಲಿಗೆ ಅದರ ಇಸಿ ತೊಟ್ಟಿಯದಕ್ಕಿಂತ ಬೇಗ ಏರುಪೇರಾಗುತ್ತದೆ. 4 ಡೆಸಿಸೈಮನ್ ಎಂದು ಚೀಟಿ ಅಂಟಿಸಿದ ಕುಂಡ ಸಂಜೆಯ ಹೊತ್ತಿಗೆ ಬೇರೆಯೇ ಮಟ್ಟದಲ್ಲಿದ್ದರೆ ಆ 33 ಡಿಗ್ರಿಗಳನ್ನು ಇಟ್ಟುಕೊಂಡು ಏನು ಮಾಡುವುದು?

ಹಾಗಾಗಿ ನಿಮ್ಮ ಪ್ರಬಂಧದ ಪ್ರಶ್ನೆ ಯಾವುದು ಎಂಬುದನ್ನು ನೋಡಿ ನಿರ್ಧರಿಸಿ. ಉಪ್ಪು ಭತ್ತಕ್ಕೆ ಹಾನಿಕರವೇ ಎಂಬುದು ನಿಮ್ಮ ಪ್ರಶ್ನೆಯಲ್ಲ. ಮಣ್ಣಿನ ಸಾರದ ಇಸಿ ಸುಮಾರು 3 ಡೆಸಿಸೈಮನ್ ದಾಟಿದರೆ ಭತ್ತದ ಇಳುವರಿ ಇಳಿಯತೊಡಗುತ್ತದೆ ಎಂಬುದು ಎಂದೋ ತಿಳಿದ ಸಂಗತಿ. ನಿಮಗೆ ಬೇಕಾದದ್ದು, ಉಪ್ಪು ಹೆಚ್ಚಿದಂತೆ ಗಂಗಾವತಿ ಸೋನಾ ಮತ್ತು ಬಿಪಿಟಿ 5204 ಬೇರೆ ಬೇರೆ ರೀತಿಯಲ್ಲಿ ಸೊರಗುತ್ತವೆಯೇ ಎಂಬುದು. ಅದು ಲವಣ ಮತ್ತು ತಳಿಯ ಪರಸ್ಪರ ಪರಿಣಾಮ. ಸ್ಪ್ಲಿಟ್ ಪ್ಲಾಟ್‌ನಲ್ಲಿ ತಳಿಯನ್ನೂ ಈ ಪರಸ್ಪರ ಪರಿಣಾಮವನ್ನೂ ಪರೀಕ್ಷಿಸುವುದು ಎರಡನೆಯ ದೋಷದಿಂದ, ಅಂದರೆ ತೊಟ್ಟಿಯೊಳಗಿನ ಸಾಲುಗಳ ನಡುವಿನ ವ್ಯತ್ಯಾಸದಿಂದ. ಅದಕ್ಕೆ 27 ಡಿಗ್ರಿಗಳಿವೆ, ಮತ್ತು ಒಂದೇ ತೊಟ್ಟಿಯೊಳಗಿನ ಸಾಲುಗಳನ್ನು ಹೋಲಿಸುವುದರಿಂದ ಆ ದೋಷ ಸಾಮಾನ್ಯವಾಗಿ ಚಿಕ್ಕದಾಗಿರುತ್ತದೆ. ಈ ವಿನ್ಯಾಸದ ದುರ್ಬಲ ಭಾಗ ನಿಮಗೆ ಹೆಚ್ಚು ಬೇಡದ ಕಡೆ ಬಿದ್ದಿದೆ, ಬಲವಾದ ಭಾಗ ನಿಮಗೆ ಬೇಕಾದಲ್ಲೇ ಇದೆ. ನಾನಾಗಿದ್ದರೆ ತೊಟ್ಟಿಗಳನ್ನೇ ಆರಿಸುತ್ತಿದ್ದೆ.

ಸಿಂಧನೂರಿನ ಪಿಎಚ್‌ಡಿ ವಿದ್ಯಾರ್ಥಿ

ಮೇಡಂ, ವಾದವನ್ನು ಒಪ್ಪುತ್ತೇನೆ, ಆದರೆ ಎರಡು ಆಕ್ಷೇಪಗಳಿವೆ. ಮೊದಲನೆಯದು, ಲವಣಕ್ಕೆ 6 ಡಿಗ್ರಿ ಎಂಬುದು ತೀರಾ ಕಡಿಮೆ. ಅದನ್ನು ಹೆಚ್ಚಿಸಲು ದಾರಿಯೇ ಇಲ್ಲವೇ? ಎರಡನೆಯದು, ಹತ್ತು ಸಸಿಗಳ ಸರಾಸರಿಯನ್ನು ಸಾಲಿಗೊಂದರಂತೆ ತೆಗೆದುಕೊಂಡು, ಆ 48 ಸರಾಸರಿಗಳಿಗೆ ಸಾಮಾನ್ಯ ಫ್ಯಾಕ್ಟೋರಿಯಲ್ ಸಿಆರ್‌ಡಿ ಮಾಡಿದರೆ ಹುಸಿ ಪುನರಾವರ್ತನೆಯ ದೋಷ ಹೋದಂತೆಯೇ ಅಲ್ಲವೇ? ಸಲಹಾ ಸಮಿತಿಗೆ ಪರಿಚಿತ ವಿನ್ಯಾಸವೂ ಆಗುತ್ತದೆ.

ಬಳ್ಳಾರಿಯ ಸಂಖ್ಯಾಶಾಸ್ತ್ರ ಅಧ್ಯಾಪಕಿ

ಎರಡನೆಯದನ್ನು ಮೊದಲು ನೋಡೋಣ. ಸರಾಸರಿ ತೆಗೆದುಕೊಳ್ಳುವುದರಿಂದ ಅರ್ಧ ದೋಷ ಹೋಗುತ್ತದೆ, ಅರ್ಧ ಉಳಿಯುತ್ತದೆ. 48 ಸಾಲುಗಳನ್ನೂ ಸ್ವತಂತ್ರವೆಂದು ಹಿಡಿದರೆ ತೊಟ್ಟಿಗಳ ನಡುವಿನ ವ್ಯತ್ಯಾಸವೂ ತೊಟ್ಟಿಯೊಳಗಿನ ಸಾಲುಗಳ ನಡುವಿನ ವ್ಯತ್ಯಾಸವೂ ಒಂದೇ ದೋಷದಲ್ಲಿ ಕಲಸಿಹೋಗುತ್ತವೆ. ಆ ಮಿಶ್ರ ದೋಷ ಲವಣವನ್ನು ಪರೀಕ್ಷಿಸಲು ಬೇಕಾದುದಕ್ಕಿಂತ ಚಿಕ್ಕದು, ತಳಿಯನ್ನು ಪರೀಕ್ಷಿಸಲು ಬೇಕಾದುದಕ್ಕಿಂತ ದೊಡ್ಡದು. ಪರಿಣಾಮವಾಗಿ ಲವಣದ ಬಗ್ಗೆ ಅತಿಯಾದ ವಿಶ್ವಾಸ ಹುಟ್ಟುತ್ತದೆ. ತಳಿಗಳ ನಡುವೆ ನಿಜವಾಗಿಯೂ ಇರುವ ವ್ಯತ್ಯಾಸ ಕಣ್ಣಿಗೆ ಬೀಳದೆ ಹೋಗುತ್ತದೆ. ಎರಡೂ ಕಡೆ ನಷ್ಟ.

ಇದು ಇಂದು ನಿನ್ನೆಯ ವಿಷಯವಲ್ಲ. ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಕೇಂದ್ರದಲ್ಲಿ ಬೆಳೆದ ಆಲೂಗಡ್ಡೆಯ ಹನ್ನೆರಡು ತಳಿಗಳು ಮತ್ತು ಗೊಬ್ಬರಗಳ ಪ್ರಯೋಗದ ಬಗ್ಗೆ ಸಂಖ್ಯಾಶಾಸ್ತ್ರಜ್ಞ ಫಿಶರ್ ಮತ್ತು ವಿನಿಫ್ರೆಡ್ ಮೆಕೆಂಜಿ 1923ರಲ್ಲಿ ಬರೆದ ಲೇಖನದಲ್ಲಿ ಎಲ್ಲದಕ್ಕೂ ಒಂದೇ ದೋಷವನ್ನು ಬಳಸಲಾಗಿತ್ತು. ಪೊಟ್ಯಾಶ್ ಉಪಚಾರಗಳನ್ನು ತಾಕಿನ ಒಳಗಿನ ಸಾಲುಗಳಿಗೆ ಕೊಟ್ಟಿದ್ದರಿಂದ ಅಲ್ಲಿಯೂ ಎರಡು ಗಾತ್ರದ ಘಟಕಗಳಿದ್ದವು. 1925ರ ಹೊತ್ತಿಗೆ ಫಿಶರ್ ಅದೇ ಅಂಕಿಗಳನ್ನು ಮತ್ತೆ ತೆಗೆದುಕೊಂಡು, ದೊಡ್ಡ ತಾಕಿಗೊಂದು ಸಣ್ಣ ತಾಕಿಗೊಂದು ಎಂದು ಎರಡು ದೋಷಗಳನ್ನು ಬೇರ್ಪಡಿಸಿ ವಿಶ್ಲೇಷಿಸಿದರು. ಆ ಶಾಸ್ತ್ರವನ್ನು ಕಟ್ಟಿದವರೇ ಎರಡು ವರ್ಷಗಳೊಳಗೆ ತಮ್ಮ ಲೆಕ್ಕವನ್ನು ತಿದ್ದಿಕೊಂಡಿರುವಾಗ, ಪರಿಚಿತ ಎಂಬ ಕಾರಣಕ್ಕೆ ನಾವು ಹಳೆಯದಕ್ಕೆ ಅಂಟಿಕೊಳ್ಳಬೇಕಿಲ್ಲ. ಸಮಿತಿಯವರು ಕೇಳಿದರೆ ಚೀಟಿ ಎತ್ತಿದ ನಕ್ಷೆಯನ್ನೇ ಅವರ ಮುಂದಿಡಿ. ನಕ್ಷೆಯನ್ನು ನೋಡಿದ ಮೇಲೆ ಯಾವ ಅನುಭವಿ ಕೃಷಿ ವಿಜ್ಞಾನಿಯೂ ಸ್ಪ್ಲಿಟ್ ಪ್ಲಾಟ್ ಬೇಡ ಎನ್ನಲಾರರು.

ಈಗ ಮೊದಲ ಆಕ್ಷೇಪ. ದಾರಿ ಇದೆ, ಮತ್ತು ಅದು ಸಸಿಗಳನ್ನು ಹೆಚ್ಚಿಸುವುದಲ್ಲ. ಸಾಲಿಗೆ ಹತ್ತರ ಬದಲು ಐದು ಸಸಿ ಹಾಕಿ, ತೊಟ್ಟಿಗಳನ್ನು 12ರಿಂದ 18ಕ್ಕೆ ಏರಿಸಿ, ಆರು ಬ್ಲಾಕುಗಳನ್ನು ಮಾಡಿ. ಸಸಿಗಳ ಸಂಖ್ಯೆ 480ರಿಂದ 360ಕ್ಕೆ ಇಳಿಯುತ್ತದೆ, ಎತ್ತರ ಅಳೆಯುವ ಕೆಲಸವೂ ಕಡಿಮೆಯಾಗುತ್ತದೆ. ಆದರೆ ಲವಣದ ದೋಷಕ್ಕೆ 6ರ ಬದಲು 10 ಡಿಗ್ರಿಗಳು ಸಿಗುತ್ತವೆ, ದಾಟಬೇಕಾದ ಬೆಲೆ 5.14ರಿಂದ 4.10ಕ್ಕೆ ಇಳಿಯುತ್ತದೆ, ತಳಿಯ ದೋಷದ ಡಿಗ್ರಿಗಳು 27ರಿಂದ 45ಕ್ಕೆ ಏರುತ್ತವೆ. ಕಡಿಮೆ ಸಸಿಗಳಿಂದ ಹೆಚ್ಚು ಮಾಹಿತಿ ಹೇಗೆ ಎಂದು ಆಶ್ಚರ್ಯವಾಗಬಹುದು. ಒಂದೇ ಸಾಲಿನ ಸಸಿಗಳು ಒಂದನ್ನೊಂದು ಹೋಲುತ್ತವೆ. ಆ ಹೋಲಿಕೆಯ ಗುಣಾಂಕವನ್ನು ಉದಾಹರಣೆಗೆ 0.3 ಎಂದು ಹಿಡಿದರೆ, ಹತ್ತು ಸಸಿಗಳು ಸ್ವತಂತ್ರವಾದ 2.7 ಸಸಿಗಳಷ್ಟು ಮಾಹಿತಿಯನ್ನು ಮಾತ್ರ ಕೊಡುತ್ತವೆ, ಐದು ಸಸಿಗಳು 2.3ರಷ್ಟು. ಅಂದರೆ ಆರನೆಯ ಸಸಿಯಿಂದ ಹತ್ತನೆಯದರವರೆಗೆ ಪಟ್ಟ ಶ್ರಮಕ್ಕೆ ಸಿಕ್ಕಿದ್ದು ಅಷ್ಟೇ. ತೊಟ್ಟಿ, ಜಾಗ, ನೀರು ಹೊಂದುವುದಾದರೆ 18ಕ್ಕೇ ಹೋಗಿ ಎಂದು ಒತ್ತಾಯಿಸುತ್ತೇನೆ.

ಕೊಪ್ಪಳದ ಪ್ರಾಣಿಶಾಸ್ತ್ರ ಉಪನ್ಯಾಸಕ

ಚರ್ಚೆ ನನಗೂ ನೇರವಾಗಿ ಸಂಬಂಧಿಸಿದ್ದು. ಪದವಿ ವಿದ್ಯಾರ್ಥಿಗಳಿಂದ ಬೇವಿನ ಬೀಜದ ಕಷಾಯವನ್ನು ಸೊಳ್ಳೆಯ ಮರಿಗಳ ಮೇಲೆ ಪರೀಕ್ಷೆ ಮಾಡಿಸುತ್ತಿದ್ದೇವೆ. ಒಂದೊಂದು ಬೀಕರಿನಲ್ಲಿ 25 ಮರಿಗಳು, ಐದು ಸಾಂದ್ರತೆಗಳು. ಮರಿಯೇ ಘಟಕ ಎಂದು ಇದುವರೆಗೆ ತಿಳಿದಿದ್ದೆವು. ನಿಮ್ಮ ವಾದದ ಪ್ರಕಾರ ಬೀಕರೇ ಘಟಕ ಆಗುತ್ತದೆ. ಹಾಗಾದರೆ ಸಾಂದ್ರತೆಗೊಂದು ಬೀಕರು ಇಟ್ಟರೆ ಪುನರಾವರ್ತನೆಯೇ ಇಲ್ಲದಂತಾಯಿತಲ್ಲವೇ, ಮೇಡಂ?

ಬಳ್ಳಾರಿಯ ಸಂಖ್ಯಾಶಾಸ್ತ್ರ ಅಧ್ಯಾಪಕಿ

ಹೌದು ಸರ್, ಬೀಕರೇ ಘಟಕ. ವಿಶ್ವ ಆರೋಗ್ಯ ಸಂಸ್ಥೆಯ ಕ್ರಮವೂ ಇದನ್ನೇ ಹೇಳುತ್ತದೆ: ಸಾಂದ್ರತೆಗೆ 25 ಮರಿಗಳ ನಾಲ್ಕಾದರೂ ಬೀಕರುಗಳು, ಮತ್ತು ಇಡೀ ಪರೀಕ್ಷೆಯನ್ನು ಬೇರೆ ಬೇರೆ ದಿನಗಳಲ್ಲಿ ಮೂರು ಸಲ ಮಾಡಬೇಕು. ಪ್ರತಿ ದಿನವೂ ಕಷಾಯವನ್ನು ಹೊಸದಾಗಿ ತಯಾರಿಸಿದರೆ ದಿನವೇ ನಿಮ್ಮ ಬ್ಲಾಕು. ಒಂದೇ ಬಾಟಲಿ ಕಷಾಯದಿಂದ ಎಲ್ಲ ಬೀಕರುಗಳಿಗೂ ಸುರಿದರೆ, ಆ ಫಲಿತಾಂಶ ಆ ಬಾಟಲಿಯನ್ನು ಮೀರಿ ಹೆಚ್ಚೇನೂ ಹೇಳದು. ಸತ್ತವುಗಳ ಸಂಖ್ಯೆ 25ರಲ್ಲಿ ಎಷ್ಟು ಎಂಬ ರೂಪದಲ್ಲಿರುವುದರಿಂದ ಸಾಮಾನ್ಯ ಅನೋವಾಗಿಂತ ಇಂಥ ಪ್ರಮಾಣಗಳಿಗೆಂದೇ ಇರುವ ಪ್ರೊಬಿಟ್ ಅಥವಾ ಲಾಜಿಸ್ಟಿಕ್ ವಿಶ್ಲೇಷಣೆ ಸೂಕ್ತ. ಕಷಾಯವಿಲ್ಲದ ಬೀಕರುಗಳಲ್ಲಿ ಶೇ. 5ರಿಂದ 20ರಷ್ಟು ಮರಿಗಳು ಸತ್ತಿದ್ದರೆ ಆ ಸಹಜ ಸಾವನ್ನು ಕಳೆದು ಲೆಕ್ಕ ಹಾಕುವ ಅಬಟ್ ಸೂತ್ರದಿಂದ ಸರಿಪಡಿಸಬೇಕು, ಶೇ. 20 ಮೀರಿದರೆ ಆ ದಿನದ ಪರೀಕ್ಷೆಯನ್ನೇ ಕೈಬಿಡಬೇಕು.

ರಾಯಚೂರಿನ ಸ್ನಾತಕೋತ್ತರ ವಿದ್ಯಾರ್ಥಿನಿ

ಮಾರ್ಗದರ್ಶಕರ ಜೊತೆ ಮಾತನಾಡಿದೆ. 18 ತೊಟ್ಟಿಗಳಿಗೆ ಒಪ್ಪಿದ್ದಾರೆ. ಉಳಿದಿರುವುದು ಕಾಲದ ಪ್ರಶ್ನೆ. 15, 30, 45 ದಿನಗಳನ್ನು ಮೂರನೆಯ ಅಂಶವೆಂದು ಹಿಡಿದು ಸ್ಪ್ಲಿಟ್-ಸ್ಪ್ಲಿಟ್ ಪ್ಲಾಟ್ ಮಾಡಬೇಕೇ? ಹಾಗೆ ಮಾಡಿರುವ ಪ್ರಬಂಧಗಳನ್ನು ಗ್ರಂಥಾಲಯದಲ್ಲಿ ನೋಡಿದ್ದೇನೆ.

ಸಿಂಧನೂರಿನ ಪಿಎಚ್‌ಡಿ ವಿದ್ಯಾರ್ಥಿ

ಇದಕ್ಕೆ ನಾನು ಉತ್ತರಿಸುತ್ತೇನೆ, ತಪ್ಪಿದ್ದರೆ ಮೇಡಂ ತಿದ್ದಲಿ. ಮೇಡಂ ಹೇಳಿಕೊಟ್ಟ ಪ್ರಶ್ನೆಯನ್ನೇ ಇಲ್ಲಿಯೂ ಕೇಳೋಣ: ದಿನಗಳಿಗೆ ಚೀಟಿ ಎತ್ತಲು ಸಾಧ್ಯವೇ? 30ನೇ ದಿನ 15ನೇ ದಿನಕ್ಕಿಂತ ಮೊದಲು ಬರಲಾರದು. ಕಾಲವನ್ನು ಯಾರಿಗೂ ಯಾದೃಚ್ಛಿಕವಾಗಿ ಹಂಚಲಾಗದು, ಆದ್ದರಿಂದ ಅದು ಉಪ-ಉಪ ತಾಕಿನ ಉಪಚಾರವಲ್ಲ; ಅದೇ ಸಸಿಯ ಮೇಲೆ ಮರಳಿ ಮರಳಿ ತೆಗೆದ ಅಳತೆ. ಸ್ಪ್ಲಿಟ್-ಸ್ಪ್ಲಿಟ್ ಎಂದು ಹಿಡಿದರೆ 15 ಮತ್ತು 30ನೇ ದಿನಗಳ ನಡುವಿನ ಹೋಲಿಕೆಯೂ 15 ಮತ್ತು 45ನೇ ದಿನಗಳ ನಡುವಿನ ಹೋಲಿಕೆಯೂ ಒಂದೇ ಎಂದು ಒಪ್ಪಿಕೊಂಡಂತಾಗುತ್ತದೆ. ಬೆಳೆಯುವ ಗಿಡದಲ್ಲಿ ಹತ್ತಿರದ ದಿನಗಳ ಅಳತೆಗಳು ಹೆಚ್ಚು ಹೋಲುತ್ತವೆ, ದೂರದವು ಕಡಿಮೆ.

ಅತ್ಯಂತ ಸರಳ ದಾರಿಯೆಂದರೆ, ಪ್ರತಿ ಸಾಲಿಗೂ ಒಂದೇ ಸಂಖ್ಯೆಯನ್ನು ಮಾಡಿಕೊಳ್ಳುವುದು: 15ರಿಂದ 45ನೇ ದಿನದವರೆಗೆ ದಿನಕ್ಕೆ ಎಷ್ಟು ಬೆಳೆಯಿತು ಎಂಬ ದರ. ಆ ದರಕ್ಕೆ ಸ್ಪ್ಲಿಟ್ ಪ್ಲಾಟ್ ವಿಶ್ಲೇಷಣೆ ಮಾಡಿದರೆ ಕಾಲದ ತೊಡಕೇ ಉಳಿಯುವುದಿಲ್ಲ. ಮೂರೂ ದಿನಗಳನ್ನು ಒಟ್ಟಿಗೆ ನೋಡಲೇಬೇಕೆಂದರೆ ಮಿಕ್ಸೆಡ್ ಮಾದರಿಯಲ್ಲಿ (ಉಪಚಾರಗಳನ್ನೂ ಘಟಕಗಳ ಆಕಸ್ಮಿಕ ವ್ಯತ್ಯಾಸವನ್ನೂ ಒಟ್ಟಿಗೆ ಲೆಕ್ಕಕ್ಕೆ ಹಿಡಿಯುವ ವಿಶ್ಲೇಷಣೆ) ಬ್ಲಾಕು, ತೊಟ್ಟಿ, ಸಾಲು ಇವುಗಳನ್ನು ಯಾದೃಚ್ಛಿಕ ಪರಿಣಾಮಗಳಾಗಿ ಇಟ್ಟು, ದಿನಗಳ ನಡುವಿನ ಸಹಸಂಬಂಧಕ್ಕೆ ದೂರವಾದಷ್ಟೂ ಕ್ಷೀಣಿಸುವ ರೂಪವನ್ನು ಕೊಡಬೇಕು.

ತಂತ್ರಾಂಶದ ಬಗ್ಗೆಯೂ ಒಂದು ಮಾತು. ಹಿಸಾರದ ಕೃಷಿ ವಿಶ್ವವಿದ್ಯಾಲಯದ ಆಪ್‌ಸ್ಟಾಟ್‌ನಲ್ಲಿ ಸ್ಪ್ಲಿಟ್ ಪ್ಲಾಟ್ ಆಯ್ಕೆ ಇದೆ, ಅದಕ್ಕೆ ಸಾಲುಗಳ ಸರಾಸರಿಯನ್ನು ಕೊಟ್ಟರೆ ಸಾಕು. ಆರ್ ಎಂಬ ತಂತ್ರಾಂಶ ಬಳಸುವುದಾದರೆ ಅನೋವಾ ಸೂತ್ರದಲ್ಲಿ ಎರರ್ ಎಂಬ ಪದದೊಳಗೆ ಬ್ಲಾಕು ಮತ್ತು ಅದರೊಳಗಿನ ತೊಟ್ಟಿಯನ್ನು ಬರೆಯಲು ಮರೆಯಬೇಡಿ. ಅದನ್ನು ಬಿಟ್ಟರೂ ತಂತ್ರಾಂಶ ತಕರಾರು ಮಾಡುವುದಿಲ್ಲ, ಒಂದೇ ದೋಷದ ಪಟ್ಟಿಯನ್ನು ಮುದ್ರಿಸಿಕೊಡುತ್ತದೆ.

ಬಳ್ಳಾರಿಯ ಸಂಖ್ಯಾಶಾಸ್ತ್ರ ಅಧ್ಯಾಪಕಿ

ತಿದ್ದುವಂಥದ್ದೇನೂ ಇಲ್ಲ. ಒಂದನ್ನು ಮಾತ್ರ ಸೇರಿಸುತ್ತೇನೆ. ಸರಾಸರಿಗಳನ್ನು ಹೋಲಿಸುವಾಗ ಒಂದೇ ಸಿ.ಡಿ. ಬೆಲೆ (ಎರಡು ಸರಾಸರಿಗಳು ಬೇರೆ ಎನ್ನಲು ಅವುಗಳ ನಡುವೆ ಇರಬೇಕಾದ ಕನಿಷ್ಠ ಅಂತರ) ಸಾಲದು. ಒಂದೇ ಲವಣ ಮಟ್ಟದಲ್ಲಿ ಎರಡು ತಳಿಗಳನ್ನು ಹೋಲಿಸಲು ಎರಡನೆಯ ದೋಷ ಸಾಕು. ಒಂದೇ ತಳಿಯನ್ನು ಎರಡು ಲವಣ ಮಟ್ಟಗಳಲ್ಲಿ ಹೋಲಿಸಲು ಎರಡೂ ದೋಷಗಳನ್ನು ಬೆರೆಸಿದ ಬೇರೆ ಸಿ.ಡಿ. ಬೇಕು, ಏಕೆಂದರೆ ಆ ಸಾಲುಗಳು ಬೇರೆ ಬೇರೆ ತೊಟ್ಟಿಗಳಲ್ಲಿವೆ.

ಗಂಗಾವತಿಯ ನಿವೃತ್ತ ಕ್ಷೇತ್ರ ಸಹಾಯಕ

ಲೆಕ್ಕಕ್ಕಿಂತ ಮೊದಲು ಗಿಡದ ಬಗ್ಗೆ ಒಂದು ಪ್ರಶ್ನೆ ಇದೆ. 8 ಡೆಸಿಸೈಮನ್ ನೀರಿನಲ್ಲಿ ಐಆರ್ 29ರ ಸಸಿಗಳು 45ನೇ ದಿನದವರೆಗೆ ಪೂರ್ತಿ ಉಳಿಯುವುದು ಅನುಮಾನ. ಐದರಲ್ಲಿ ಮೂರು ಸತ್ತು, ಗಟ್ಟಿಯಾದ ಎರಡು ಮಾತ್ರ ಉಳಿದರೆ, ಆ ಎರಡರ ಎತ್ತರವನ್ನೇ ಸಾಲಿನ ಸರಾಸರಿ ಎಂದು ಬರೆಯಬೇಕೇ? ಸತ್ತ ಜಾಗಕ್ಕೆ ಬೇರೆ ಸಸಿ ನೆಟ್ಟು ತುಂಬಿಸುವ ರೂಢಿಯನ್ನೂ ನೋಡಿದ್ದೇನೆ.

ಬಳ್ಳಾರಿಯ ಸಂಖ್ಯಾಶಾಸ್ತ್ರ ಅಧ್ಯಾಪಕಿ

ಸರ್, ಈ ಪ್ರಶ್ನೆ ಬಾರದೇ ಹೋಗಿದ್ದರೆ ಇಷ್ಟೆಲ್ಲ ಲೆಕ್ಕವೂ ದಾರಿ ತಪ್ಪುತ್ತಿತ್ತು. ಉಪ್ಪುನೀರು ತೊಡಗಿದ ಮೇಲೆ ಸತ್ತ ಸಸಿಯ ಜಾಗಕ್ಕೆ ಹೊಸದನ್ನು ನೆಡಲೇಬಾರದು. ಆ ಸಾವು ಕಳೆದುಹೋದ ಅಂಕಿಯಲ್ಲ, ಉಪ್ಪಿನ ಪರಿಣಾಮವೇ ಅದು. ಉಳಿದ ಎರಡು ಸಸಿಗಳ ಎತ್ತರವನ್ನಷ್ಟೇ ಸರಾಸರಿ ಮಾಡಿದರೆ, ಅತಿ ಹೆಚ್ಚು ಸಾಯುವ ತಳಿಯೇ ಎತ್ತರವಾಗಿ ಕಾಣುವ ಅಪಾಯವಿದೆ.

ಆದ್ದರಿಂದ ಮೊದಲ ಫಲಿತಾಂಶವಾಗಿ ಸಾಲಿನಲ್ಲಿ ಐದಕ್ಕೆ ಎಷ್ಟು ಬದುಕಿವೆ ಎಂಬುದನ್ನು ಪ್ರತಿ ಅಳತೆಯ ದಿನವೂ ದಾಖಲಿಸಿ. ಕೊಪ್ಪಳದ ಸರ್‌ಗೆ ಹೇಳಿದ ಲಾಜಿಸ್ಟಿಕ್ ವಿಶ್ಲೇಷಣೆಯನ್ನೇ ತೊಟ್ಟಿಯ ಯಾದೃಚ್ಛಿಕ ಪರಿಣಾಮದೊಂದಿಗೆ ಅದಕ್ಕೆ ಬಳಸಬಹುದು. ಎರಡನೆಯದಾಗಿ, ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯ 1ರಿಂದ 9ರವರೆಗಿನ ಲವಣ ಹಾನಿಯ ಅಂಕಗಳನ್ನು ಪ್ರತಿ ಸಸಿಗೂ ಕೊಡಿ. ಸತ್ತ ಸಸಿಗೆ 9 ಅಂಕ ಬೀಳುವುದರಿಂದ ಯಾವ ಸಸಿಯೂ ಲೆಕ್ಕದಿಂದ ಜಾರಿಹೋಗುವುದಿಲ್ಲ. ಎತ್ತರದ ಪಟ್ಟಿಯನ್ನು ಪ್ರತ್ಯೇಕವಾಗಿ, ಬದುಕಿದ ಸಸಿಗಳಿಗೆ ಮಾತ್ರ ಅನ್ವಯಿಸುತ್ತದೆ ಎಂದು ಸ್ಪಷ್ಟವಾಗಿ ಬರೆದು ಕೊಡಿ. ಸೋಡಿಯಂ ಮತ್ತು ಪೊಟ್ಯಾಶಿಯಂ ಅಳತೆಯನ್ನು 45ನೇ ದಿನದವರೆಗೆ ಕಾಯಿಸದೆ, ಐಆರ್ 29 ಇನ್ನೂ ನಿಂತಿರುವಾಗಲೇ ಮಾಡುವುದು ಒಳಿತು. ಯಾವ ದಿನ ಎಂಬುದನ್ನು ಈಗಲೇ ಸಿನಾಪ್ಸಿಸ್‌ನಲ್ಲಿ ನಮೂದಿಸಿ. ಅದಕ್ಕಾಗಿ ಎಲೆ ಕೀಳುವ ಸಸಿಗಳು ಎತ್ತರ ಅಳೆಯುವ ಸಸಿಗಳಾಗಬಾರದು, ಆದ್ದರಿಂದ ಸಾಲಿಗೆ ಐದರ ಜೊತೆಗೆ ಇನ್ನೆರಡು ಸಸಿಗಳನ್ನು ಮೊದಲೇ ಗುರುತಿಸಿ ನೆಟ್ಟುಕೊಳ್ಳಿ.

ತೊಟ್ಟಿ ಸೋರಿ ನೀರೆಲ್ಲ ಹೋಗುವುದು ಬೇರೆ ಬಗೆಯ ನಷ್ಟ. ಉಪ್ಪಿಗೆ ಸಂಬಂಧವಿಲ್ಲದ ಕಾರಣದಿಂದ ಹಾಗಾದರೆ ಆ ತೊಟ್ಟಿಯನ್ನು ಕಳೆದ ಅಂಕಿ ಎಂದು ಬಿಟ್ಟು, ಮಿಕ್ಸೆಡ್ ಮಾದರಿಯಲ್ಲಿ ಉಳಿದ ಹದಿನೇಳರಿಂದ ವಿಶ್ಲೇಷಿಸಬಹುದು. ಯಾವ ತೊಟ್ಟಿ, ಯಾವ ದಿನ, ಯಾವ ಕಾರಣ ಎಂಬುದನ್ನು ಅಂದೇ ಪ್ರಯೋಗದ ಪುಸ್ತಕದಲ್ಲಿ ಬರೆದಿಡಿ.